ಹುಬ್ಬಳ್ಳಿ (ಅಕ್ಷರಶೈಲಿ)

ಹುಬ್ಬಳ್ಳಿ ಎಂಬುದು ಕನ್ನಡ ಹಾಗೂ ರೋಮನ್ ಲಿಪಿಗಳನ್ನು ಒಳಗೊಂಡ ಒಂದು ಯೂನಿಕೋಡ್ ಅಕ್ಷರಶೈಲಿ (ಫಾಂಟ್). ಇದನ್ನು ರೂಪಿಸಿದವರು ಅಮೆರಿಕದ ಅಕ್ಷರ ವಿನ್ಯಾಸಕಿ ಎರಿನ್ ಮೆಕ್‌ಲಾಫ್ಲಿನ್. ದೇವನಾಗರಿಯ ‘ಖುಲಾ’ ಅಕ್ಷರಶೈಲಿಯೂ ಇವರದೇ. ಧಾರವಾಡ ಜಿಲ್ಲೆಯ ಹುಬ್ಬಳ್ಳಿ ನಗರದ ಹೆಸರನ್ನು ಇದಕ್ಕೆ ಇಡಲಾಗಿದೆ. ರೋಮನ್ ಲಿಪಿಯಲ್ಲಿಯೂ ಹಳೆಯ ‘ಹುಬ್ಲಿ’ಯನ್ನು ಬಿಟ್ಟು, 2014ರ ನವೆಂಬರ್ 1ರಿಂದ ಅಧಿಕೃತವಾದ ‘ಹುಬ್ಬಳ್ಳಿ’ ರೂಪವನ್ನೇ ಬಳಸಲಾಗಿದೆ.

ವಿನ್ಯಾಸ

ಇದು ಏಕರೇಖಾ ಶೈಲಿ. ಅಚ್ಚುಮೊಳೆಯ ಕಾಲದಿಂದ ಬಂದ ಪುಸ್ತಕದ ಅಕ್ಷರಗಳಲ್ಲಿ ಗೆರೆ ಒಂದೆಡೆ ದಪ್ಪವಾಗಿ ಮತ್ತೊಂದೆಡೆ ತೆಳುವಾಗಿ ಸಾಗುತ್ತದೆ. ಇಲ್ಲಿ ತಲೆಕಟ್ಟಿನಿಂದ ಒತ್ತಕ್ಷರದವರೆಗೆ ಗೆರೆಯ ದಪ್ಪ ಬಹುಮಟ್ಟಿಗೆ ಒಂದೇ. ಗೆರೆ ತೆಳು, ನೋಟ ಸರಳ ಮತ್ತು ಸಲಿಗೆಯದು.

ಜರ್ಮನಿಯ ಪಾಲ್ ರೆನ್ನರ್ 1927ರಲ್ಲಿ ಹೊರತಂದ ‘ಫ್ಯೂಚುರಾ’ದಂತಹ ಜ್ಯಾಮಿತೀಯ ಶೈಲಿಗಳು ರೋಮನ್ ಅಕ್ಷರಗಳನ್ನು ವೃತ್ತ ಹಾಗೂ ಸರಳರೇಖೆಗಳಿಗೆ ಇಳಿಸಿದವು. ಕನ್ನಡಕ್ಕೆ ದುಂಡುತನವನ್ನು ಹೊರಗಿನಿಂದ ತರಬೇಕಾಗಿಲ್ಲ. ಇಲ್ಲಿನ ಕಷ್ಟ ಬೇರೆಯದು: ದುಂಡಾದ ಅಕ್ಷರಗಳು ಒಂದನ್ನೊಂದು ಹೋಲದಂತೆ ಕಾಯಬೇಕು. ರ ಮತ್ತು ಠ ಅಕ್ಷರಗಳನ್ನು ಬೇರ್ಪಡಿಸುವುದು ನಡುವಿನ ಒಂದು ಚುಕ್ಕೆ ಮಾತ್ರ. ದ–ಧ, ಪ–ಫ, ಡ–ಢ ಜೋಡಿಗಳಲ್ಲಿ, ಶಾಲೆಯಲ್ಲಿ ‘ಹೊಟ್ಟೆ ಸೀಳುವುದು’ ಎಂದು ಕಲಿಸುವ ಆ ಸಣ್ಣ ಗೆರೆಯೇ ಮಹಾಪ್ರಾಣದ ಗುರುತು. ಗೆರೆ ತೀರ ತೆಳುವಾದರೆ ಚಿಕ್ಕ ಗಾತ್ರದಲ್ಲಿ ಈ ಗುರುತು ಮಾಸುತ್ತದೆ; ತೀರ ದಪ್ಪವಾದರೆ ಅಕ್ಷರದ ಒಳಗಿನ ಬಯಲೇ ಮುಚ್ಚಿಹೋಗುತ್ತದೆ. ‘ಧನ’ವು ‘ದನ’ವಾಗಲು ಅಷ್ಟೇ ಸಾಕು.

ಮುಂಬಯಿಯ ಎಕ್ ಟೈಪ್ ಸಂಸ್ಥೆಯ ‘ಬಾಲೂ ತಮ್ಮ’ ಈ ಎರಡನೆಯ ತುದಿಗೆ ಹತ್ತಿರವಾದ, ಮೈತುಂಬಿಕೊಂಡ ದುಂಡು ಶೈಲಿ. ಅದರ ಮುಂದಿನ ಆವೃತ್ತಿಯಾದ ‘ಬಾಲೂ ತಮ್ಮ 2’ರಲ್ಲಿ ಐದು ದಪ್ಪಗಳಿವೆ.

ಬಳಕೆ

ಶೀರ್ಷಿಕೆ, ಆಮಂತ್ರಣ ಪತ್ರಿಕೆ, ಭಿತ್ತಿಪತ್ರ, ಪೊಟ್ಟಣಗಳ ಮೇಲಿನ ಬರಹ ಮೊದಲಾದ ಕಿರುಬರಹಗಳಿಗೆ ಹುಬ್ಬಳ್ಳಿ ಒಪ್ಪುತ್ತದೆ. ದೀರ್ಘ ಗದ್ಯಕ್ಕೆ, ಅದರಲ್ಲಿಯೂ ಪಠ್ಯಪುಸ್ತಕಕ್ಕೆ, ದಪ್ಪ–ತೆಳು ಗೆರೆಗಳ ಸಾಂಪ್ರದಾಯಿಕ ಶೈಲಿಯೇ ಮೇಲು. ಸಾಲುಗಳ ನಡುವೆ ಸಾಕಷ್ಟು ಅಂತರ ಬಿಡುವುದು ಅಗತ್ಯ. ಇದನ್ನು ಪರೀಕ್ಷಿಸಲು ಅವಳಿ ನಗರಗಳ ಹೆಸರುಗಳೇ ಅನುಕೂಲ: ‘ಹುಬ್ಬಳ್ಳಿ’ಯಲ್ಲಿ ಸಾಲಿನ ಕೆಳಗಿಳಿಯುವ ಎರಡು ಒತ್ತಕ್ಷರಗಳಿವೆ, ‘ಧಾರವಾಡ’ದಲ್ಲಿ ಒಂದೂ ಇಲ್ಲ, ಆದರೆ ಹೊಟ್ಟೆ ಸೀಳಿದ ‘ಧ’ ಇದೆ.

ನುಡಿ, ಬರಹ ತಂತ್ರಾಂಶಗಳ ಹಳೆಯ ಸಂಕೇತವಿಧಾನದಲ್ಲಿ ಬೆರಳಚ್ಚು ಮಾಡಿದ ಪಠ್ಯಕ್ಕೆ ಈ ಫಾಂಟನ್ನು ನೇರವಾಗಿ ಅನ್ವಯಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸಿಕೊಳ್ಳುತ್ತವೆ. ಮೊದಲು ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಓದಿ ತಿದ್ದಿಕೊಳ್ಳಬೇಕು.

ಪರವಾನಗಿ

ಗೂಗಲ್ ಫಾಂಟ್ಸ್ ಸಂಗ್ರಹದಲ್ಲಿ ಇದು ಎಸ್‌ಐಎಲ್ ಮುಕ್ತ ಫಾಂಟ್ ಪರವಾನಗಿಯಡಿ ಉಚಿತವಾಗಿ ದೊರೆಯುತ್ತದೆ. ಮುದ್ರಣಾಲಯಗಳು ವಾಣಿಜ್ಯ ಕೆಲಸಗಳಿಗೂ ಶುಲ್ಕವಿಲ್ಲದೆ ಬಳಸಬಹುದು. ಪರವಾನಗಿಯ ನಿಯಮಗಳಿಗೆ ಒಳಪಟ್ಟು ಮಾರ್ಪಡಿಸಬಹುದು, ಹಂಚಬಹುದು. ಫಾಂಟನ್ನಷ್ಟೇ ಪ್ರತ್ಯೇಕವಾಗಿ ಮಾರುವಂತಿಲ್ಲ.