ಕಳಿಸಿದ್ದು ಮೂರು ಊರು, ಬಂದದ್ದು ಒಂದೇ ಸಾಲು

ಅರಸೀಕೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬರು ಸೊಗಸಾದ ಪ್ರಶ್ನೆ ಕಳಿಸಿದ್ದಾರೆ. ಎರಡು ಕಂಪ್ಯೂಟರುಗಳು ಮಾತಾಡಿಕೊಳ್ಳಲೆಂದು ಪೈಥಾನಿನಲ್ಲಿ ಪುಟ್ಟ ಪ್ರೋಗ್ರಾಂ ಬರೆದು, ಒಂದರಿಂದ ‘ಅರಸೀಕೆರೆ’, ‘ಬೇಲೂರು’, ‘ಹಳೇಬೀಡು’ ಎಂದು ಮೂರು ಸಲ ಕಳಿಸಿದರಂತೆ. ಅತ್ತ ಕಡೆ ಮೂರೂ ಅಂಟಿಕೊಂಡು ‘ಅರಸೀಕೆರೆಬೇಲೂರುಹಳೇಬೀಡು’ ಎಂದು ಬಂತು. ಒಂದು ಸಲಕ್ಕೆ 16 ಬೈಟ್ ಮಾತ್ರ ಓದುವಂತೆ ಬದಲಿಸಿದರೆ ‘ಅರಸೀಕ’ ಎಂದಷ್ಟೇ ಬಂದು, ಪಕ್ಕದಲ್ಲಿ ಕಪ್ಪು ವಜ್ರದೊಳಗೊಂದು ಪ್ರಶ್ನೆಚಿಹ್ನೆ. “ಕಂಪ್ಯೂಟರಿಗೆ ಕನ್ನಡ ಒಗ್ಗುವುದಿಲ್ಲವೇ ಸರ್, ಇಂಗ್ಲಿಷಿನಲ್ಲೇ ಕಳಿಸಲೇ?” ಎಂದು ಕೇಳಿದ್ದಾರೆ.

ದಯವಿಟ್ಟು ಬೇಡ. ಇಂಗ್ಲಿಷಿನಲ್ಲಿ ಕಳಿಸಿದರೂ ಊರುಗಳು ಹೀಗೇ ಅಂಟಿಕೊಳ್ಳುತ್ತವೆ.

ಆಕೆ ಬಳಸಿದ ಸಾಕೆಟ್ ಎಂಬ ಸಲಕರಣೆ 1983ರಲ್ಲಿ ಬರ್ಕ್ಲಿಯ ಯುನಿಕ್ಸಿನೊಡನೆ ಬಂದದ್ದು. ಅದರ ಕೆಳಗೆ ದುಡಿಯುವುದು ಟಿಸಿಪಿ. ಕಳಿಸಿದ ಬೈಟ್‌ಗಳು ಕಳಿಸಿದ ಕ್ರಮದಲ್ಲೇ, ನಡುವೆ ಒಂದೂ ತಪ್ಪದೆ ತಲುಪುತ್ತವೆ ಎಂಬುದು ಅದರ ಭರವಸೆ. ಎಲ್ಲಿ ಒಂದು ಮಾತು ಮುಗಿದು ಇನ್ನೊಂದು ಶುರುವಾಯಿತೆಂದು ತಿಳಿಸುವ ಹೊಣೆಯನ್ನು ಅದು ಹೊತ್ತೇ ಇಲ್ಲ. ಚಿಕ್ಕ ಚಿಕ್ಕ ಮಾತುಗಳನ್ನು ಕೂಡಿಸಿ ಒಟ್ಟಿಗೆ ಸಾಗಿಸುವ ಉಪಾಯವನ್ನು ಜಾನ್ ನೇಗಲ್ 1984ರಲ್ಲಿ ಸೂಚಿಸಿದರು. ದೊಡ್ಡ ಮಾತಾದರೆ ತುಂಡಾಗಿ ಹೋಗುತ್ತದೆ. ಈಥರ್ನೆಟ್ಟಿನ ಒಂದು ಪೊಟ್ಟಣಕ್ಕೆ ಸಾಮಾನ್ಯವಾಗಿ 1500 ಬೈಟ್ ಮಿತಿ.

ಬೇಲೂರಿನಲ್ಲಿ ಹೊಯ್ಸಳರ ಕಾಲದ ಶಾಸನಗಳ ಮುಂದೆ ನಿಂತಾಗಲೆಲ್ಲ ನನಗೆ ಟಿಸಿಪಿ ನೆನಪಾಗುತ್ತದೆ. ಪದ ಪದದ ನಡುವೆ ಜಾಗ ಬಿಟ್ಟಿಲ್ಲ. ಕಲ್ಲಿನ ಅಂಚು ಬಂದಲ್ಲಿ ಸಾಲು ಮುರಿದು, ಪದದ ಉಳಿದರ್ಧ ಕೆಳಗಿನ ಸಾಲಿಗೆ ಹೋಗಿದೆ. ಆದರೂ ವಿದ್ವಾಂಸರು ಓದುತ್ತಾರೆ. ‘ಸ್ವಸ್ತಿ’ಯಿಂದ ಶುರುವಾಗಿ ‘ಮಂಗಳ ಮಹಾಶ್ರೀ’ಗೆ ಮುಗಿಯುವಂಥ ರೂಢಿ, ಛಂದಸ್ಸು, ವ್ಯಾಕರಣ ಅವರ ನೆರವಿಗಿವೆ. ಬಿಡಿಸುವ ನಿಯಮ ಬರೆದವರಿಗೂ ಓದುವವರಿಗೂ ಮೊದಲೇ ಗೊತ್ತಿರಬೇಕು, ಅಷ್ಟೆ.

ಇನ್ನು ಆ ಕಪ್ಪು ವಜ್ರ! ನನಗೆ ಅತ್ಯಂತ ಖುಷಿ ಕೊಟ್ಟ ಭಾಗ ಇದು. ‘ಅರಸೀಕೆರೆ’ ನಮ್ಮ ಬಾಯಲ್ಲಿ 5 ಅಕ್ಷರ. ಯುನಿಕೋಡ್ ಎಣಿಸಿದರೆ 8, ಏಕೆಂದರೆ ಅದು ಸೀ, ಕೆ, ರೆಗಳಲ್ಲಿ ವ್ಯಂಜನವನ್ನೂ ಸ್ವರಚಿಹ್ನೆಯನ್ನೂ ಬೇರೆ ಬೇರೆಯಾಗಿ ಇಡುತ್ತದೆ. ಜಾಲದ ಮೇಲೆ ಹೊರಟಾಗ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 24. ಮೊದಲ 16ರಲ್ಲಿ 15 ಬೈಟ್ ‘ಅರಸೀಕ’ಕ್ಕೆ ಸಂದವು. ಉಳಿದ ಒಂದು, ಎತ್ವದ ಮೂರು ಬೈಟ್‌ಗಳಲ್ಲಿ ಮೊದಲನೆಯದು: 224. ಅದರ ಸಂಗಾತಿಗಳಾದ 179 ಮತ್ತು 134 ಮುಂದಿನ ಓದಿಗೆ ಸಿಕ್ಕವು. ಒಂಟಿ 224ಕ್ಕೆ ಅರ್ಥವಿಲ್ಲವಾದ್ದರಿಂದ ವಜ್ರ ಮೂಡಿತು. ಆಕೆ 15 ಎಂದು ಬರೆದಿದ್ದರೆ ವಜ್ರ ಕಾಣುತ್ತಿರಲಿಲ್ಲ. ಎತ್ವ ಮಾತ್ರ ತನ್ನ ‘ಕ’ವನ್ನು ಬಿಟ್ಟು ಮುಂದಿನ ತುಂಡಿನ ತಲೆಯ ಮೇಲೆ ಬಂದು ಕೂರುತ್ತಿತ್ತು.

1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಈ ಪದ್ಧತಿಯ ಜಾಣ್ಮೆ ನೋಡಿ: ಯಾವ ಬೈಟನ್ನು ಕೈಗೆತ್ತಿಕೊಂಡರೂ ಅದು ಒಂದು ಚಿಹ್ನೆಯ ಆರಂಭವೋ ಮುಂದುವರಿಕೆಯೋ ಎಂದು ಅದೇ ಹೇಳುತ್ತದೆ. ಕನ್ನಡದ ಪ್ರತಿ ಚಿಹ್ನೆಯೂ 224ರಿಂದಲೇ ಹೊರಡುತ್ತದೆ.

ಪರಿಹಾರವೆಂದು ಪ್ರೋಗ್ರಾಮರುಗಳಲ್ಲಿ ಒಂದು ಮೂಢನಂಬಿಕೆ ಹಬ್ಬಿದೆ: ಎರಡು ಸಂದೇಶಗಳ ನಡುವೆ ಅರ್ಧ ಸೆಕೆಂಡ್ ಕಾಯಿಸಿಬಿಡಿ, ಅಂಟುವುದಿಲ್ಲ ಎಂದು. ಪರೀಕ್ಷೆಯ ದಿನ ಅದು ನಡೆದೀತು. ಜಾಲ ದಟ್ಟವಾದ ದಿನ ಮತ್ತೆ ಅಂಟುತ್ತದೆ, ಕಾರಣ ಮಾತ್ರ ಯಾರಿಗೂ ಹೊಳೆಯುವುದಿಲ್ಲ. ದಯವಿಟ್ಟು ಇದನ್ನು ಕಿರಿಯರಿಗೆ ಕಲಿಸಬೇಡಿ.

ಮಾಡಬೇಕಾದ್ದು ಇಷ್ಟು. ಪ್ರತಿ ಹೆಸರಿನ ಮುಂದೆ ಅದರ ಉದ್ದವನ್ನು ನಾಲ್ಕು ಬೈಟ್‌ಗಳಲ್ಲಿ ಬರೆದು ಕಳಿಸಿ: 24, 18, 21. ಪೈಥಾನಿಗೆ ಪದದ ಉದ್ದ ಕೇಳಿದರೆ 8 ಅಂದೀತು. ನಮಗೆ ಬೇಕಾದ್ದು ಬೈಟ್‌ಗಳ ಲೆಕ್ಕ. ಅತ್ತ ಕಡೆಯವರು ಮೊದಲು ಉದ್ದ ಓದಿ, ಅಷ್ಟೂ ಬೈಟ್ ಬರುವವರೆಗೆ ಲೂಪಿನಲ್ಲಿ ಕೂಡಿಸುತ್ತ ಹೋಗಿ, ಪೂರ್ತಿ ಆದ ಮೇಲಷ್ಟೇ ಕನ್ನಡಕ್ಕೆ ತಿರುಗಿಸಬೇಕು. ಉದ್ದ ಹೇಳುವ ಆ ನಾಲ್ಕು ಬೈಟ್‌ಗಳೂ ಎರಡು ಕಂತಿನಲ್ಲಿ ಬರಬಹುದು; ಅವಕ್ಕೂ ಇದೇ ಲೂಪ್ ಹಾಕಿ.