ಪುಸ್ತಕ ಮನೆಗೆ ಒಯ್ಯಬಹುದೇ? ತಾಲ್ಲೂಕು ಗ್ರಂಥಾಲಯದ ಎರವಲು ನಿಯಮಗಳ ಒಳಹೊರಗು

ತಾಲ್ಲೂಕು ಕೇಂದ್ರದ ಸಾರ್ವಜನಿಕ ಗ್ರಂಥಾಲಯದ ಬೆಳಗಿನ ನೋಟ ರಾಜ್ಯದ ಯಾವ ಮೂಲೆಯಲ್ಲಿಯೂ ಹೆಚ್ಚುಕಡಿಮೆ ಒಂದೇ ಬಗೆಯದು. ಬಾಗಿಲು ತೆರೆಯುವ ಮೊದಲೇ ಮೆಟ್ಟಿಲಿನ ಮೇಲೆ ಕಾದು ಕುಳಿತ ನಿವೃತ್ತರು, ಒಂದೇ ದಿನಪತ್ರಿಕೆಯ ಹಾಳೆಗಳನ್ನು ಹಂಚಿಕೊಂಡು ಓದುವ ನಾಲ್ಕಾರು ಮಂದಿ, ಗೋಡೆಯ ಬದಿಯ ಮೇಜುಗಳಲ್ಲಿ ತಮ್ಮದೇ ಪುಸ್ತಕಗಳನ್ನು ಹರಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುತ್ತಿರುವ ಯುವಕ ಯುವತಿಯರು. ಇವರೆಲ್ಲರ ಬೆನ್ನ ಹಿಂದೆ ಪುಸ್ತಕಗಳಿಂದ ತುಂಬಿದ ಕಪಾಟುಗಳ ಸಾಲು.

ಪತ್ರಿಕೆ ಓದಿ ಎದ್ದುಹೋಗುವವರಲ್ಲಿ ಅನೇಕರು ಆ ಕಪಾಟುಗಳತ್ತ ತಿರುಗಿ ನೋಡುವುದಿಲ್ಲ. ಅಲ್ಲಿನ ಪುಸ್ತಕಗಳನ್ನು ಮನೆಗೆ ಒಯ್ಯಬಹುದೆಂಬುದು ಕೆಲವರಿಗೆ ತಿಳಿದೇ ಇಲ್ಲ. ತಿಳಿದವರಲ್ಲಿ ಕೆಲವರು ಅರ್ಜಿ, ಠೇವಣಿ, ಜಾಮೀನು ಎಂಬ ಮಾತುಗಳನ್ನು ಕೇಳಿ ಹಿಂದೆ ಸರಿಯುತ್ತಾರೆ. ಹೀಗಾಗಿ ಪುಸ್ತಕ ಎರವಲು ನೀಡುವುದಕ್ಕೆಂದೇ ಸ್ಥಾಪಿತವಾದ ಸಂಸ್ಥೆಯು ಬಹಳಷ್ಟು ಊರುಗಳಲ್ಲಿ ಪತ್ರಿಕಾ ವಾಚನಾಲಯವಾಗಿಯೇ ಉಳಿದಿದೆ. ನಿಯಮಗಳನ್ನು ಅರಿತರೆ ಈ ಅಂತರ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಮೊದಲೇ ಸಂದಾಯವಾದ ಚಂದಾ

ಸಾರ್ವಜನಿಕ ಗ್ರಂಥಾಲಯವು ಸರ್ಕಾರದ ಔದಾರ್ಯವಲ್ಲ. ಆಸ್ತಿ ತೆರಿಗೆಯ ರಸೀದಿಯನ್ನು ಒಮ್ಮೆ ಗಮನವಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಆರೋಗ್ಯ ಕರ, ಭಿಕ್ಷುಕರ ಕರಗಳ ಜೊತೆಗೆ 'ಗ್ರಂಥಾಲಯ ಕರ' ಎಂಬ ಸಾಲು ಅಲ್ಲಿ ಇರುತ್ತದೆ. ಇದರ ದರ ತೆರಿಗೆಯ ಶೇ. 6. ವರ್ಷಕ್ಕೆ 2,000 ರೂಪಾಯಿ ಆಸ್ತಿ ತೆರಿಗೆ ಕಟ್ಟುವ ಮನೆಯಿಂದ 120 ರೂಪಾಯಿ ಗ್ರಂಥಾಲಯಕ್ಕೆಂದು ಸಂದಾಯವಾಗುತ್ತದೆ. ಬಾಡಿಗೆ ಮನೆಯಲ್ಲಿರುವವರು ತಮ್ಮ ಬಾಡಿಗೆಯ ಮೂಲಕ ಪರೋಕ್ಷವಾಗಿ ಇದೇ ಹೊರೆಯಲ್ಲಿ ಪಾಲುದಾರರು. ಸ್ಥಳೀಯ ಸಂಸ್ಥೆಗಳು ಈ ಕರವನ್ನು ಸಂಗ್ರಹಿಸಿ ಗ್ರಂಥಾಲಯ ಪ್ರಾಧಿಕಾರಕ್ಕೆ ವರ್ಗಾಯಿಸಬೇಕೆಂಬುದು ನಿಯಮ. ಈ ವರ್ಗಾವಣೆ ತಡವಾದಾಗ ಅದರ ಪೆಟ್ಟು ನೇರವಾಗಿ ಬೀಳುವುದು ಪುಸ್ತಕ ಖರೀದಿಯ ಮೇಲೆ.

ಈ ವ್ಯವಸ್ಥೆಯ ಮೂಲ 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ. ರಾಜ್ಯದ ಹೆಸರು 1973ರಲ್ಲಿ ಬದಲಾದ ಬಳಿಕ ಅದು ಕರ್ನಾಟಕದ ಅಧಿನಿಯಮವಾಯಿತು. ಏಕೀಕರಣದ ವೇಳೆಗೆ ಕನ್ನಡ ನಾಡಿನ ಬೇರೆ ಬೇರೆ ಭಾಗಗಳು ಬೇರೆ ಬೇರೆ ಗ್ರಂಥಾಲಯ ಪದ್ಧತಿಗಳನ್ನು ಹೊತ್ತು ಬಂದಿದ್ದವು. ದಕ್ಷಿಣ ಕನ್ನಡಕ್ಕೆ 1948ರ ಮದ್ರಾಸ್ ಕಾಯ್ದೆ, ಹೈದರಾಬಾದ್ ಕರ್ನಾಟಕಕ್ಕೆ 1955ರ ಹೈದರಾಬಾದ್ ಕಾಯ್ದೆ ಅನ್ವಯವಾಗುತ್ತಿದ್ದವು. ಹಳೆಯ ಮೈಸೂರು ಭಾಗದಲ್ಲಿ ಇಂಥ ಕಾಯ್ದೆ ಇರಲಿಲ್ಲ. ಇವೆಲ್ಲವನ್ನೂ ಒಂದೇ ಸೂರಿನಡಿ ತಂದದ್ದು 1965ರ ಶಾಸನ. ಗ್ರಂಥಾಲಯ ವಿಜ್ಞಾನದ ಆಚಾರ್ಯ ಎಸ್.ಆರ್. ರಂಗನಾಥನ್ ಅವರ ಚಿಂತನೆಯ ಪ್ರಭಾವ ಇದರ ಹಿಂದೆ ಇತ್ತು. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರು 1972ರಲ್ಲಿ ಅಲ್ಲಿಯೇ ನಿಧನರಾದರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳ ಪೈಕಿ ಮೊದಲನೆಯದರ ಸಾರ ಸರಳವಾದುದು: ಪುಸ್ತಕ ಇರುವುದು ಬಳಕೆಗಾಗಿ.

ಸದಸ್ಯರಾಗುವುದು ಹೇಗೆ?

ಗ್ರಂಥಾಲಯದ ಒಳಗೆ ಕುಳಿತು ಓದಲು ಸದಸ್ಯತ್ವ ಬೇಕಿಲ್ಲ, ಶುಲ್ಕವೂ ಇಲ್ಲ. ಪುಸ್ತಕವನ್ನು ಮನೆಗೆ ಒಯ್ಯುವುದಕ್ಕೆ ಮಾತ್ರ ಸದಸ್ಯತ್ವ ಅಗತ್ಯ. ಅರ್ಜಿ ನಮೂನೆ ಗ್ರಂಥಪಾಲಕರ ಮೇಜಿನಲ್ಲಿ ದೊರೆಯುತ್ತದೆ. ಭಾವಚಿತ್ರ, ವಿಳಾಸದ ದಾಖಲೆ ಹಾಗೂ ಠೇವಣಿ ಸಾಮಾನ್ಯವಾಗಿ ಬೇಕಾಗುವ ಮೂರು ಸಂಗತಿಗಳು. ಕೆಲವು ಕಡೆ ಸರ್ಕಾರಿ ಅಧಿಕಾರಿಯ ಅಥವಾ ಊರಿನ ತೆರಿಗೆದಾರರ ಜಾಮೀನು ಸಹಿಯನ್ನು ಕೇಳುವುದುಂಟು. ವಿದ್ಯಾರ್ಥಿಗಳಾದರೆ ಶಾಲೆಯ ಮುಖ್ಯೋಪಾಧ್ಯಾಯರ ಅಥವಾ ಕಾಲೇಜಿನ ಪ್ರಾಂಶುಪಾಲರ ಸಹಿ ಅನುಕೂಲಕ್ಕೆ ಬರುತ್ತದೆ.

ಠೇವಣಿಯ ಮೊತ್ತ, ಒಮ್ಮೆಗೆ ದೊರೆಯುವ ಪುಸ್ತಕಗಳ ಸಂಖ್ಯೆ ಇವು ಒಂದೊಂದು ಗ್ರಂಥಾಲಯದಲ್ಲಿ ಒಂದೊಂದು ರೀತಿ ಇರುವುದರಿಂದ ಸ್ಥಳದಲ್ಲಿಯೇ ವಿಚಾರಿಸುವುದು ಒಳಿತು. ಆದರೆ ಒಂದು ಸಂಗತಿ ಎಲ್ಲೆಡೆಗೂ ಸಮಾನ. ಠೇವಣಿಯು ಶುಲ್ಕವಲ್ಲ. ಸದಸ್ಯತ್ವ ಬೇಡವೆನಿಸಿದಾಗ, ಪುಸ್ತಕಗಳ ಬಾಕಿ ಇಲ್ಲದಿದ್ದರೆ ಅದು ಹಿಂದಿರುಗಿ ಬರುವ ಹಣ. ಅದಕ್ಕೆ ಮೂಲ ರಸೀದಿ ಬೇಕು. ಊರು ಬಿಟ್ಟು ನಗರ ಸೇರಿದ ಎಷ್ಟೋ ಮಂದಿ ರಸೀದಿಯನ್ನು ಕಳೆದುಕೊಂಡು ಠೇವಣಿಯನ್ನೇ ಮರೆತುಬಿಡುತ್ತಾರೆ.

ಸಮಯದ ವಿಚಾರದಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳಿಗೆ ವಾರದ ರಜೆ ಭಾನುವಾರವಲ್ಲ, ಸೋಮವಾರ. ನೌಕರರು, ವಿದ್ಯಾರ್ಥಿಗಳು ಬಿಡುವಿನ ದಿನ ಬರಲೆಂಬುದು ಇದರ ಉದ್ದೇಶ. ಭಾನುವಾರ ಎಲ್ಲ ಕಚೇರಿಗಳಂತೆ ಇದೂ ಮುಚ್ಚಿರುತ್ತದೆಂದು ಭಾವಿಸಿ ಸೋಮವಾರ ಬಂದು ಬೀಗ ನೋಡಿ ಹಿಂದಿರುಗುವವರು ಈಗಲೂ ಇದ್ದಾರೆ.

ಚೀಟಿಯ ಲೆಕ್ಕಾಚಾರ

ಗಣಕಯಂತ್ರ ತಲುಪದ ಶಾಖೆಗಳಲ್ಲಿ ಎರವಲು ವ್ಯವಹಾರ ಚೀಟಿಗಳ ಮೂಲಕ ನಡೆಯುತ್ತದೆ. ಅಮೆರಿಕದ ಗ್ರಂಥಪಾಲಕಿ ನೀನಾ ಬ್ರೌನ್ 19ನೇ ಶತಮಾನದ ಕೊನೆಯಲ್ಲಿ ರೂಪಿಸಿದ ಈ ವಿಧಾನ ಭಾರತದ ಗ್ರಂಥಾಲಯಗಳಲ್ಲಿ ದೀರ್ಘಕಾಲದಿಂದ ಬಳಕೆಯಲ್ಲಿದೆ.

ಸದಸ್ಯರಿಗೆ ಎಷ್ಟು ಪುಸ್ತಕಗಳಿಗೆ ಅವಕಾಶವಿದೆಯೋ ಅಷ್ಟು ಚೀಟಿಗಳನ್ನು ಕೊಡಲಾಗುತ್ತದೆ. ಈ ಚೀಟಿ ಒಂದು ಸಣ್ಣ ಲಕೋಟೆಯ ಆಕಾರದ್ದು. ಪ್ರತಿ ಪುಸ್ತಕದ ರಟ್ಟಿನ ಒಳಬದಿಯಲ್ಲಿಯೂ ಒಂದು ಜೇಬು ಅಂಟಿಸಿರುತ್ತಾರೆ. ಪುಸ್ತಕದ ಹೆಸರು, ಲೇಖಕರ ಹೆಸರು ಹಾಗೂ ಪರಿಗ್ರಹಣ ಸಂಖ್ಯೆ ಬರೆದ ಪುಸ್ತಕದ ಕಾರ್ಡು ಅದರೊಳಗೆ ಇರುತ್ತದೆ. ಎರವಲು ನೀಡುವಾಗ ಆ ಕಾರ್ಡನ್ನು ತೆಗೆದು ಸದಸ್ಯರ ಚೀಟಿಯೊಳಗೆ ಸೇರಿಸಿ, ಹಿಂದಿರುಗಿಸಬೇಕಾದ ದಿನಾಂಕದ ಅನುಕ್ರಮದಲ್ಲಿ ತಟ್ಟೆಯೊಂದರಲ್ಲಿ ಜೋಡಿಸಲಾಗುತ್ತದೆ. ಅದೇ ದಿನಾಂಕವನ್ನು ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿದ ದಿನಾಂಕ ಪಟ್ಟಿಯ ಮೇಲೆ ಮುದ್ರೆ ಒತ್ತುತ್ತಾರೆ.

ಪುಸ್ತಕ ಮರಳಿದಾಗ ದಿನಾಂಕವನ್ನು ನೋಡಿ ತಟ್ಟೆಯಿಂದ ಜೋಡಿಯನ್ನು ಹುಡುಕಿ, ಕಾರ್ಡನ್ನು ಪುಸ್ತಕಕ್ಕೂ ಚೀಟಿಯನ್ನು ಸದಸ್ಯರಿಗೂ ಹಿಂದಿರುಗಿಸುತ್ತಾರೆ. ಚೀಟಿ ಸದಸ್ಯರ ಕೈಯಲ್ಲಿದ್ದರೆ ಆತನ ಮೇಲೆ ಪುಸ್ತಕದ ಬಾಕಿ ಇಲ್ಲವೆಂದೇ ಅರ್ಥ. ಆದ್ದರಿಂದ ಪುಸ್ತಕವನ್ನು ಮೇಜಿನ ಮೇಲಿಟ್ಟು ಅವಸರದಲ್ಲಿ ಹೊರಟುಹೋಗದೆ, ಚೀಟಿ ಪಡೆದೇ ಹೊರಡಬೇಕು. ಇನ್ನೂ ಸಣ್ಣ ಶಾಖೆಗಳಲ್ಲಿ ಇಷ್ಟೂ ಇಲ್ಲದೆ ವಹಿಯೊಂದರಲ್ಲಿ ಸಹಿ ಪಡೆಯುವ ರೂಢಿಯಿದೆ. ಅಲ್ಲಿ ಪುಸ್ತಕ ಮರಳಿದುದನ್ನು ತಮ್ಮೆದುರಿನಲ್ಲಿಯೇ ನಮೂದಿಸಿಕೊಳ್ಳುವುದು ಸದಸ್ಯರಿಗೆ ಕ್ಷೇಮ.

ಎರವಲಿನ ಅವಧಿ ಸಾಮಾನ್ಯವಾಗಿ 15 ದಿನ. ಬೇರೆ ಯಾರೂ ಆ ಪುಸ್ತಕಕ್ಕಾಗಿ ಕೇಳಿರದಿದ್ದರೆ ಅವಧಿಯನ್ನು ನವೀಕರಿಸಿಕೊಳ್ಳಬಹುದು.

ದಿನಾಂಕ ಪಟ್ಟಿಗೆ ಮತ್ತೊಂದು ಪ್ರಯೋಜನವೂ ಉಂಟು. ಮುದ್ರೆಗಳಿಂದ ತುಂಬಿದ ಪಟ್ಟಿ ಆ ಪುಸ್ತಕದ ಬೇಡಿಕೆಗೆ ಸಾಕ್ಷಿ. ವರ್ಷಗಟ್ಟಲೆ ಖಾಲಿ ಉಳಿದ ಪಟ್ಟಿಯು ಪುಸ್ತಕವನ್ನು ಕಪಾಟಿನಿಂದ ತೆಗೆಯುವುದಕ್ಕೆ ಕಾರಣವಾಗಬಹುದು. ಊರಿನವರು ಯಾವ ಬಗೆಯ ಪುಸ್ತಕಗಳನ್ನು ಬಯಸುತ್ತಾರೆಂಬುದನ್ನು ಎರವಲಿನ ದಾಖಲೆಗಿಂತ ನಿಚ್ಚಳವಾಗಿ ಹೇಳುವ ಕಾಗದ ಮತ್ತೊಂದಿಲ್ಲ.

ಹೊರಗೆ ಹೋಗದ ಗ್ರಂಥಗಳು

ಕೆಲವು ಪುಸ್ತಕಗಳನ್ನು ಎಷ್ಟೇ ಹಳೆಯ ಸದಸ್ಯರಿಗೂ ಮನೆಗೆ ಕೊಡುವುದಿಲ್ಲ. ನಿಘಂಟು, ವಿಶ್ವಕೋಶ, ಗೆಜೆಟಿಯರ್, ಭೂಪಟಗಳು ಪರಾಮರ್ಶನ ವಿಭಾಗಕ್ಕೆ ಸೇರಿದವು. ಇದರ ಹಿಂದಿನ ತರ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು 8 ಸಂಪುಟಗಳದ್ದು. ಅದರಲ್ಲಿ ಒಂದು ಸಂಪುಟ ಯಾರದೋ ಮನೆಯ ಅಟ್ಟ ಸೇರಿದರೆ ಉಳಿದ ಏಳು ಸಂಪುಟಗಳು ಕಪಾಟಿನಲ್ಲಿದ್ದೂ ಆ ಅಕ್ಷರಗಳ ಪದ ಹುಡುಕುವವರಿಗೆ ನಿಷ್ಪ್ರಯೋಜಕ. ಎರಡು ನಿಮಿಷದ ಹುಡುಕಾಟಕ್ಕೆ ಬೇಕಾದ ಗ್ರಂಥ ಒಬ್ಬರ ಬಳಿ ಹದಿನೈದು ದಿನ ಇರುವುದು ಉಳಿದವರಿಗೆ ಮಾಡಿದ ಅನ್ಯಾಯವೆಂಬುದೇ ಈ ನಿಯಮದ ಆಶಯ.

ತಡವಾದರೆ, ಕಳೆದುಹೋದರೆ?

ಅವಧಿ ಮೀರಿದರೆ ದಿನಕ್ಕೆ ಇಂತಿಷ್ಟು ಎಂದು ದಂಡ ಬೀಳುತ್ತದೆ. ಮೊತ್ತ ಅಲ್ಪ. ವಾಸ್ತವವಾಗಿ ಹೆಚ್ಚು ಹಾನಿ ಮಾಡುವುದು ದಂಡವಲ್ಲ, ದಂಡದ ಸಂಕೋಚ. ತಿಂಗಳು ಕಳೆದ ಮೇಲೆ ಗ್ರಂಥಪಾಲಕರ ಮುಖ ನೋಡಲು ಮುಜುಗರಪಟ್ಟು ಪುಸ್ತಕವನ್ನೇ ಮನೆಯಲ್ಲಿ ಇರಿಸಿಕೊಳ್ಳುವವರುಂಟು. ತಡವಾಗಿಯಾದರೂ ಮರಳಿದ ಪುಸ್ತಕ ಗ್ರಂಥಾಲಯಕ್ಕೆ ಲಾಭವೇ.

ಕಳೆದುಹೋದ ಪುಸ್ತಕಕ್ಕೆ ಪ್ರತಿಯಾಗಿ ಅದೇ ಪುಸ್ತಕದ ಮತ್ತೊಂದು ಪ್ರತಿಯನ್ನು ತಂದುಕೊಡುವುದು ಅಥವಾ ಗ್ರಂಥಾಲಯ ನಿಗದಿಪಡಿಸಿದ ಬೆಲೆ ತೆರುವುದು ವಾಡಿಕೆ. ಇಲ್ಲಿ ಮುದ್ರಿತ ಬೆಲೆಗಿಂತ ಹೆಚ್ಚು ಕೇಳಿದರೆಂದು ಸದಸ್ಯರು ಆಕ್ಷೇಪಿಸುವುದುಂಟು. ಆದರೆ ದಶಕಗಳ ಹಿಂದೆ 10 ರೂಪಾಯಿಗೆ ಮಾರಾಟವಾದ ಕಾದಂಬರಿಯನ್ನು ಇಂದು ಆ ಹಣಕ್ಕೆ ಕೊಳ್ಳಲಾಗದು. ಮರುಮುದ್ರಣ ಕಾಣದ ಪುಸ್ತಕವಾದರೆ ಯಾವ ಬೆಲೆಗೂ ಸಿಗದಿರಬಹುದು. ಸಂಪುಟಗಳ ಸರಣಿಯಲ್ಲಿ ಒಂದು ಕಳೆದರೆ ಇಡೀ ಸರಣಿಯ ಬೆಲೆಯನ್ನು ಕೇಳುವ ನಿಯಮಕ್ಕೂ ಇದೇ ಕಾರಣ. ಪುಟಗಳ ನಡುವೆ ಗೆರೆ ಎಳೆಯುವುದು, ಚಿತ್ರ ಕತ್ತರಿಸುವುದು ಸಹ ಹಾನಿಯೆಂದೇ ಪರಿಗಣಿತ. ಪಡೆಯುವಾಗಲೇ ಹರಿದ ಪುಟ ಕಂಡರೆ ಗ್ರಂಥಪಾಲಕರ ಗಮನಕ್ಕೆ ತಂದು ಗುರುತು ಮಾಡಿಸಿಕೊಳ್ಳಬೇಕು.

ಬೀಗದ ಕಪಾಟು ಮತ್ತು ಭಯ

ಕೆಲವು ಶಾಖೆಗಳಲ್ಲಿ ಕಪಾಟುಗಳಿಗೆ ಬೀಗ ಹಾಕಿರುವುದನ್ನು ಓದುಗರು ಕಂಡಿರುತ್ತಾರೆ. ಇದನ್ನು ಸಿಬ್ಬಂದಿಯ ಉದಾಸೀನವೆಂದು ಮಾತ್ರ ಭಾವಿಸುವುದು ಸರಿಯಲ್ಲ. ದಾಸ್ತಾನು ಪರಿಶೀಲನೆಯಲ್ಲಿ ಕಡಿಮೆ ಬಂದ ಪುಸ್ತಕಗಳಿಗೆ ತಾವೇ ಹೊಣೆಯಾಗಬೇಕಾದೀತೆಂಬ ಅಳುಕು ಅದರ ಹಿಂದೆ ಇರುತ್ತದೆ. ಒಬ್ಬರೇ ಸಿಬ್ಬಂದಿ ಇರುವ ಶಾಖೆಯಲ್ಲಿ ಪತ್ರಿಕೆಯ ಮೇಜು, ಎರವಲಿನ ಮೇಜು, ಕಪಾಟು ಮೂರನ್ನೂ ಕಾಯುವುದು ಸುಲಭವಲ್ಲ.

ಪುಸ್ತಕ ಬಳಕೆಯಾದಲ್ಲಿ ಅಷ್ಟಿಷ್ಟು ನಷ್ಟ ಸಹಜವೆಂಬುದನ್ನು ಸರ್ಕಾರಿ ಲೆಕ್ಕಶಾಸ್ತ್ರವೂ ಒಪ್ಪಿದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ವರ್ಷವೊಂದರಲ್ಲಿ ಎರವಲು ನೀಡಿದ ಅಥವಾ ಪರಾಮರ್ಶಿಸಿದ ಪ್ರತಿ 1,000 ಸಂಪುಟಗಳಿಗೆ 5 ಸಂಪುಟಗಳ ನಷ್ಟವನ್ನು ಸಹಜವೆಂದು ಪರಿಗಣಿಸಬಹುದು. ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣವಾಗಿರಬಾರದೆಂಬುದು ಷರತ್ತು. 1,000 ರೂಪಾಯಿಗೆ ಮೀರಿದ ಬೆಲೆಯ ಹಾಗೂ ಅಪರೂಪದ ಗ್ರಂಥಗಳಿಗೆ ತನಿಖೆ ಕಡ್ಡಾಯ. ಈ ನಿಯಮ ಕೇಂದ್ರದ ಸಂಸ್ಥೆಗಳಿಗೆ ಸಂಬಂಧಿಸಿದ್ದಾದರೂ ಅದರ ವಿವೇಕ ಎಲ್ಲ ಗ್ರಂಥಾಲಯಗಳಿಗೂ ಸಲ್ಲುವಂಥದ್ದು. ವಿನಾಯಿತಿಯ ಲೆಕ್ಕ ನಿಂತಿರುವುದು ಕಪಾಟಿನಲ್ಲಿರುವ ಪುಸ್ತಕಗಳ ಮೇಲಲ್ಲ, ಓದುಗರ ಕೈಗೆ ಹೋದ ಪುಸ್ತಕಗಳ ಮೇಲೆ ಎಂಬುದು ಗಮನಾರ್ಹ. ಬೀಗ ಹಾಕಿದ ಕಪಾಟಿನಲ್ಲಿ ನಷ್ಟವಿಲ್ಲ, ಓದೂ ಇಲ್ಲ.

ಗ್ರಾಮದಲ್ಲಿ, ಮೊಬೈಲಿನಲ್ಲಿ

ತಾಲ್ಲೂಕು ಕೇಂದ್ರದಾಚೆಗಿನ ಚಿತ್ರ ಇತ್ತೀಚಿನ ವರ್ಷಗಳಲ್ಲಿ ಬದಲಾಗಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. ಅವು ಈಗ 'ಅರಿವು ಕೇಂದ್ರ'ಗಳೆಂದು ಕರೆಸಿಕೊಳ್ಳುತ್ತಿವೆ. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಈ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ನೀಡಲಾಯಿತು. ಅದೇ ವರ್ಷ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯವೂ ಬಂದಿತು. ಅದರಲ್ಲಿ ಠೇವಣಿಯ ಪ್ರಶ್ನೆಯಿಲ್ಲ. ಆದರೆ ಪರದೆಯ ಮೇಲೆ ಓದಲಾಗದ ಹಿರಿಯರಿಗೂ ಮನೆಮಂದಿಗೆಲ್ಲ ಒಂದೇ ಮೊಬೈಲ್ ಇರುವ ಕುಟುಂಬದ ಮಕ್ಕಳಿಗೂ ಮುದ್ರಿತ ಪುಸ್ತಕವೇ ಆಸರೆ.

ಜಾಮೀನು ಇಲ್ಲದವರು

ಇಷ್ಟೆಲ್ಲ ನಿಯಮಗಳ ನಡುವೆ ಒಂದು ಪ್ರಶ್ನೆ ಉಳಿದೇ ಇದೆ. ಪಕ್ಕದ ಜಿಲ್ಲೆಯಿಂದ ಕೆಲಸ ಅರಸಿ ಬಂದ ಗಾರೆ ಕೆಲಸದವನ ಮಗಳಿಗೆ ಜಾಮೀನು ಸಹಿ ಹಾಕುವ ಅಧಿಕಾರಿ ಯಾರು? ವಿಳಾಸದ ದಾಖಲೆಯಲ್ಲಿ ಇನ್ನೂ ಹಳೆಯ ಊರಿನ ಹೆಸರಿರುವವರು ಏನು ತೋರಿಸಬೇಕು? ಪುಸ್ತಕ ಕೊಳ್ಳುವ ಶಕ್ತಿಯಿಲ್ಲದವರಿಗಾಗಿಯೇ ಇರುವ ಸಂಸ್ಥೆಯ ಬಾಗಿಲಲ್ಲಿ ಮೊದಲು ಎಡವುವವರು ಅವರೇ ಆಗಿದ್ದಾರೆ. ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯಗಳು ಉಚಿತವಾಗಿ ಬಾಗಿಲು ತೆರೆದದ್ದನ್ನು ಗಮನಿಸಿದರೆ, ಪಟ್ಟಣದ ಶಾಖೆಗಳಲ್ಲಿಯೂ ಅಂಥ ಸಡಿಲಿಕೆ ಅಸಾಧ್ಯವೇನಲ್ಲ.

ಅಲ್ಲಿಯವರೆಗೆ ಊರಿನವರಿಂದಲೇ ಆಗಬಹುದಾದ ಕೆಲಸವೊಂದಿದೆ. ಜಾಮೀನು ಕೇಳುವ ಕಡೆ ತೆರಿಗೆದಾರರೊಬ್ಬರು ನೆರೆಯ ಮಗುವಿನ ಅರ್ಜಿಗೆ ಸಹಿ ಹಾಕಬಹುದು. ಶಿಕ್ಷಕರು ತಮ್ಮ ತರಗತಿಯ ಮಕ್ಕಳ ಅರ್ಜಿಗಳನ್ನು ಒಟ್ಟಾಗಿ ಕೊಂಡೊಯ್ಯಬಹುದು. ಹಬ್ಬಕ್ಕೆ ಊರಿಗೆ ಹೋದ ನಗರವಾಸಿಗಳು ಅಟ್ಟದ ಮೇಲಿನ ಟ್ರಂಕಿನಲ್ಲಿ ಗ್ರಂಥಾಲಯದ ಮುದ್ರೆಯುಳ್ಳ ಹಳೆಯ ಪುಸ್ತಕವೇನಾದರೂ ಉಳಿದಿದೆಯೇ ಎಂದು ನೋಡಬಹುದು. ಸಿಕ್ಕರೆ ಅದನ್ನು ಮರಳಿಸಲು ಭಾನುವಾರವೂ ಬಾಗಿಲು ತೆರೆದಿರುತ್ತದೆ.