ಫೈರ್‌ವಾಲ್ ಕೈಗೆ ಬೀಗದ ಕೈ

2021ರ ಡಿಸೆಂಬರ್‌ನಲ್ಲಿ ಸರ್ವರ್ ನೋಡಿಕೊಳ್ಳುವ ಎಂಜಿನಿಯರುಗಳ ನಿದ್ದೆ ಕೆಡಿಸಿದ ದೋಷವೊಂದು ಬಯಲಾಯಿತು. ಜಾವಾದಲ್ಲಿ ಬರೆದ ಅಸಂಖ್ಯ ತಂತ್ರಾಂಶಗಳು ತಮ್ಮ ಆಗುಹೋಗುಗಳನ್ನು ದಾಖಲಿಸಲು ಬಳಸುವ ‘ಲಾಗ್‌ಫೋರ್‌ಜೆ’ ಎಂಬ ಉಪಕರಣದಲ್ಲಿ ಅದು ಅಡಗಿತ್ತು. ಬ್ರೌಸರ್ ತನ್ನ ಹೆಸರು ಹೇಳಿಕೊಳ್ಳುವ ಜಾಗದಲ್ಲಿ ಒಂದು ನಿರ್ದಿಷ್ಟ ಮಾದರಿಯ ಸಾಲು ತುಂಬಿ ಕಳಿಸಿದರೆ ಸಾಕಿತ್ತು. ಅದನ್ನು ದಾಖಲಿಸಲು ಹೋದ ಸರ್ವರ್, ಆ ಸಾಲು ತೋರಿಸಿದ ವಿಳಾಸದಿಂದ ಹ್ಯಾಕರ್‌ನ ಪ್ರೋಗ್ರಾಂ ತರಿಸಿಕೊಂಡು ತಾನೇ ಓಡಿಸಿಬಿಡುತ್ತಿತ್ತು. ದೋಷದ ತೀವ್ರತೆಗೆ ತಜ್ಞರು ಕೊಟ್ಟದ್ದು 10ಕ್ಕೆ 10 ಅಂಕ.

ಆ ಸಾಲಿನ ಚಹರೆ ಬೇಗ ಗೊತ್ತಾಯಿತು. ಅದನ್ನು ಗುರುತಿಸಿ ತಡೆಯಲು, ಜಾಲದ ಬಾಗಿಲಲ್ಲಿ ಕಾವಲು ನಿಲ್ಲುವ ಫೈರ್‌ವಾಲ್‌ಗಳಿಗೆ ಕಲಿಸಿದ್ದೂ ಆಯಿತು. ಆದರೆ ಅದೇ ಸಾಲು ಎಚ್‌ಟಿಟಿಪಿಎಸ್ ಮೂಲಕ ಗೂಢಲಿಪಿಯಾಗಿ ಬಂದರೆ ಫೈರ್‌ವಾಲ್‌ಗೆ ಕಾಣುವುದೇನು? ಎಲ್ಲಿಂದ ಬಂತು, ಯಾವ ಸರ್ವರ್‌ನ 443ನೇ ಪೋರ್ಟ್‌ಗೆ ಹೊರಟಿದೆ, ಎಷ್ಟು ಬೈಟ್ ಇದೆ, ಹೆಚ್ಚೆಂದರೆ ಯಾವ ಜಾಲತಾಣದ ಹೆಸರಿಗೆ ಬಂದಿದೆ ಎಂಬಷ್ಟು ಮಾತ್ರ. ಟಾರ್ಪಾಲು ಬಿಗಿದ ಲಾರಿಯ ನಂಬರ್ ಪ್ಲೇಟ್ ಓದಿ ಒಳಕ್ಕೆ ಬಿಡುವ ಚೆಕ್‌ಪೋಸ್ಟಿನ ಸ್ಥಿತಿ ಅದರದು. ಇಂದು ವೆಬ್ ಸಂಚಾರದ ಬಹುಪಾಲು ಗೂಢಲಿಪಿಯಲ್ಲೇ ಸಾಗುತ್ತದೆ; ದಾಳಿಯೂ ಅದೇ ದಾರಿ ಹಿಡಿಯುತ್ತದೆ.

ಟಾರ್ಪಾಲು ಬಿಚ್ಚುವುದು ಹೇಗೆ ಎಂದು ತಿಳಿಯಲು ಅದನ್ನು ಕಟ್ಟುವ ಬಗೆ ತಿಳಿಯಬೇಕು. ಎಚ್‌ಟಿಟಿಪಿಎಸ್‌ಗೆ ಆಧಾರವಾಗಿ ನೆಟ್‌ಸ್ಕೇಪ್ ಕಂಪನಿ 1995ರಲ್ಲಿ ಹೊರತಂದ ‘ಎಸ್‌ಎಸ್‌ಎಲ್’ ವಿಧಾನವೇ ಬೆಳೆದು 1999ರಲ್ಲಿ ‘ಟಿಎಲ್‌ಎಸ್’ ಆಯಿತು. ನೀವು ಬ್ಯಾಂಕಿನ ತಾಣ ತೆರೆದಾಗ ನಿಮ್ಮ ಬ್ರೌಸರ್ ಮತ್ತು ಬ್ಯಾಂಕಿನ ಸರ್ವರ್ ಮೊದಲು ಚಿಕ್ಕದೊಂದು ಮಾತುಕತೆ ನಡೆಸುತ್ತವೆ. ಸರ್ವರ್ ತನ್ನ ಪ್ರಮಾಣಪತ್ರ ತೋರಿಸುತ್ತದೆ. ಅದರಲ್ಲಿ ಯಾರು ಬೇಕಾದರೂ ನೋಡಬಹುದಾದ ಸಾರ್ವಜನಿಕ ಕೀಲಿ ಇರುತ್ತದೆ. ಅದರ ಜೋಡಿಯಾದ ಖಾಸಗಿ ಕೀಲಿ ಸರ್ವರ್ ಬಳಿ ಮಾತ್ರ. ಈ ಜೋಡಿಯ ನೆರವಿನಿಂದ ಎರಡೂ ಕಡೆಯವರು ಆ ಹೊತ್ತಿಗಷ್ಟೇ ಬಾಳುವ ಅಧಿವೇಶನ ಕೀಲಿಯೊಂದನ್ನು ಗುಟ್ಟಾಗಿ ಒಪ್ಪಿಕೊಳ್ಳುತ್ತಾರೆ. ಮುಂದಿನ ಮಾತೆಲ್ಲ ಆ ಕೀಲಿಯಿಂದಲೇ ಬೀಗ ಹಾಕಿಕೊಂಡು ಹೋಗುತ್ತದೆ.

ಇನ್ನು ಈ ಬೀಗ ಬಿಚ್ಚುವ ಬಗೆ. ಕಂಪನಿಯೊಂದರ ನೌಕರರು ಹೊರಗಿನ ತಾಣಗಳಿಗೆ ಹೋಗುವುದನ್ನು ತಪಾಸಣೆ ಮಾಡಬೇಕೆಂದರೆ ಕಂಪನಿಯ ಬಳಿ ಆ ತಾಣಗಳ ಖಾಸಗಿ ಕೀಲಿ ಇರುವುದಿಲ್ಲ. ಹಾಗಾಗಿ ಫೈರ್‌ವಾಲ್ ತಾನೇ ಬದಲಿ ಪ್ರಮಾಣಪತ್ರ ಸೃಷ್ಟಿಸಬೇಕು. ನೌಕರರ ಕಂಪ್ಯೂಟರ್ ಅದನ್ನು ನಂಬುವಂತೆ ಮೊದಲೇ ಏರ್ಪಾಡು ಮಾಡಿರಬೇಕು. ಒಳಬರುವ ಸಂಚಾರದ ಕಥೆ ಬೇರೆ. ಇಲ್ಲಿ ಸರ್ವರ್ ನಮ್ಮದೇ, ಪ್ರಮಾಣಪತ್ರ ನಮ್ಮದೇ, ಖಾಸಗಿ ಕೀಲಿಯೂ ನಮ್ಮದೇ. ಅವುಗಳ ಪ್ರತಿಯನ್ನು ಫೈರ್‌ವಾಲ್‌ನಲ್ಲಿ ಇಟ್ಟರೆ ಸಾಕು. ಗ್ರಾಹಕನ ಬ್ರೌಸರ್‌ಗೆ ಕಾಣುವುದು ಅಸಲಿ ಪ್ರಮಾಣಪತ್ರವೇ ಆದ್ದರಿಂದ ಯಾವ ಎಚ್ಚರಿಕೆಯೂ ಮೂಡುವುದಿಲ್ಲ.

ಹಿಂದೆ ಈ ಕೆಲಸ ಇನ್ನೂ ಸರಳವಾಗಿತ್ತು. 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ರೂಪಿಸಿದ ಆರ್‌ಎಸ್‌ಎ ವಿಧಾನದಲ್ಲಿ, ಬ್ರೌಸರ್ 48 ಬೈಟ್‌ಗಳ ಗುಟ್ಟೊಂದನ್ನು ಸರ್ವರ್‌ನ ಸಾರ್ವಜನಿಕ ಕೀಲಿಯಿಂದ ಮುಚ್ಚಿ ಕಳಿಸುತ್ತಿತ್ತು. ಅಧಿವೇಶನ ಕೀಲಿ ಹುಟ್ಟುವುದು ಆ ಗುಟ್ಟಿನಿಂದ. ಖಾಸಗಿ ಕೀಲಿ ಇದ್ದ ಫೈರ್‌ವಾಲ್ ಪಕ್ಕದಲ್ಲಿ ಸುಮ್ಮನೆ ನಿಂತು, ಹಾದುಹೋಗುವ ಮಾತುಕತೆಯನ್ನು ಕೇಳಿಸಿಕೊಂಡೇ ಗುಟ್ಟು ಬಿಡಿಸಿ ಎಲ್ಲವನ್ನೂ ಓದುತ್ತಿತ್ತು. ಪ್ಯಾಕೆಟ್ಟಿನ ಒಂದು ಬಿಟ್ ಕೂಡ ಬದಲಾಗುತ್ತಿರಲಿಲ್ಲ.

ಈ ಅನುಕೂಲವೇ ವಿಧಾನದ ದೌರ್ಬಲ್ಯವೂ ಆಗಿತ್ತು. ಇಂದಿನ ಸಂಚಾರವನ್ನು ಯಾರಾದರೂ ನಕಲು ಮಾಡಿಟ್ಟುಕೊಂಡು, ಐದು ವರ್ಷದ ನಂತರ ಖಾಸಗಿ ಕೀಲಿ ಕದ್ದರೆ, ಹಳೆಯದೆಲ್ಲ ತೆರೆದ ಪುಸ್ತಕ. ಇದಕ್ಕೆ ಮದ್ದು, ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ 1976ರಲ್ಲಿ ಪ್ರಕಟಿಸಿದ ವಿಧಾನದಲ್ಲಿತ್ತು. ಇಲ್ಲಿ ಗುಟ್ಟು ತಂತಿಯ ಮೇಲೆ ಸಾಗುವುದೇ ಇಲ್ಲ. ಎರಡೂ ಕಡೆಯವರು ಪ್ರತಿ ಸಲವೂ ಹೊಸ ಸಂಖ್ಯೆಯೊಂದನ್ನು ಆರಿಸಿ, ಅದರಿಂದ ಲೆಕ್ಕ ಹಾಕಿದ ಇನ್ನೊಂದು ಸಂಖ್ಯೆಯನ್ನು ಮಾತ್ರ ವಿನಿಮಯ ಮಾಡಿಕೊಂಡು, ಒಂದೇ ಉತ್ತರಕ್ಕೆ ತಲುಪುತ್ತಾರೆ. ಕೆಲಸ ಮುಗಿದ ಮೇಲೆ ಆ ಸಂಖ್ಯೆಗಳನ್ನು ಅಳಿಸಿಬಿಡುತ್ತಾರೆ. ಖಾಸಗಿ ಕೀಲಿ ಸರ್ವರ್‌ನ ಗುರುತಿಗೆ ಸಹಿ ಹಾಕಲು ಮಾತ್ರ. ಅದು ನಾಳೆ ಕಳುವಾದರೂ ನಿನ್ನೆಯ ಮಾತು ಸುರಕ್ಷಿತ.

2018ರ ಆಗಸ್ಟ್‌ನಲ್ಲಿ ಪ್ರಕಟವಾದ ಟಿಎಲ್‌ಎಸ್ 1.3, ಹಳೆಯ ಆರ್‌ಎಸ್‌ಎ ಕೀಲಿ ವಿನಿಮಯವನ್ನು ಪೂರ್ತಿ ಕೈಬಿಟ್ಟಿತು. ಅದನ್ನು ಉಳಿಸಿಕೊಡಿ, ಇಲ್ಲವಾದರೆ ನಮ್ಮ ಜಾಲದ ತಪಾಸಣೆ ಕಷ್ಟವಾಗುತ್ತದೆ ಎಂದು 2016ರಲ್ಲೇ ಅಮೆರಿಕದ ಹಣಕಾಸು ಸಂಸ್ಥೆಗಳ ಪರವಾಗಿ ಮನವಿ ಹೋಗಿತ್ತು. ಅಂತರಜಾಲದ ನಿಯಮ ರೂಪಿಸುವ ಐಇಟಿಎಫ್ ಒಪ್ಪಲಿಲ್ಲ. ಅದು ಸರಿಯಾದ ನಿರ್ಧಾರವೆಂದೇ ನನ್ನ ನಂಬಿಕೆ. ಕೆಲವರ ತಪಾಸಣೆಯ ಅನುಕೂಲಕ್ಕಾಗಿ ಎಲ್ಲರ ಗುಟ್ಟನ್ನು ಸಡಿಲಗೊಳಿಸಬಾರದು.

ಹಾಗಾಗಿ ಇಂದಿನ ಫೈರ್‌ವಾಲ್ ಪಕ್ಕದಲ್ಲಿ ನಿಂತು ಕೇಳುವಂತಿಲ್ಲ, ನಡುವೆ ಬಂದು ನಿಲ್ಲಬೇಕು. ಗ್ರಾಹಕನೊಂದಿಗೆ ಅದು ಸರ್ವರ್‌ನ ಪರವಾಗಿ ಮಾತುಕತೆ ನಡೆಸುತ್ತದೆ. ಅಸಲಿ ಸರ್ವರ್‌ನೊಂದಿಗೆ ಗ್ರಾಹಕನ ಪರವಾಗಿ ಇನ್ನೊಂದು ಮಾತುಕತೆ. ಎರಡು ಅಧಿವೇಶನ, ಎರಡು ಬೇರೆ ಕೀಲಿ. ಬಂದ ಚೂರುಗಳನ್ನು ಕ್ರಮವಾಗಿ ಜೋಡಿಸಿ, ಬೀಗ ತೆಗೆದು, ಒಳಗಿನ ಬೇಡಿಕೆಯನ್ನು ಓದುತ್ತದೆ. ಡೇಟಾಬೇಸ್‌ಗೆ ಕೊಡುವ ಆಜ್ಞೆಯನ್ನು ಯಾರಾದರೂ ಅರ್ಜಿಯ ಖಾನೆಯಲ್ಲಿ ತುಂಬಿದ್ದಾರೆಯೇ, ಅಪ್‌ಲೋಡ್ ಆಗುತ್ತಿರುವ ಕಡತದಲ್ಲಿ ವೈರಸ್ ಇದೆಯೇ, ಈಗಾಗಲೇ ಗೊತ್ತಿರುವ ದಾಳಿಗಳ ಚಹರೆ ಎಲ್ಲಾದರೂ ಹೊಂದುತ್ತದೆಯೇ ಎಂದು ನೋಡುತ್ತದೆ. ಸರಿಯಿದ್ದರೆ ಮತ್ತೆ ಬೀಗ ಹಾಕಿ ಸರ್ವರ್‌ಗೆ ದಾಟಿಸುತ್ತದೆ. ಇಲ್ಲದಿದ್ದರೆ ಸಂಪರ್ಕವನ್ನೇ ಕಡಿಯುತ್ತದೆ. ಇದೆಲ್ಲ ನಡೆಯಬೇಕಾದದ್ದು ಗ್ರಾಹಕನಿಗೆ ತಡ ಅನ್ನಿಸದಷ್ಟು ವೇಗದಲ್ಲಿ. ಬೀಗ ತೆಗೆಯುವ, ಹಾಕುವ ಲೆಕ್ಕ ಭಾರಿಯಾದ್ದರಿಂದ ಅದಕ್ಕೆಂದೇ ಬೇರೆ ಚಿಪ್ ಇರುವ ಯಂತ್ರಗಳೂ ಉಂಟು.

ಇದಕ್ಕೆ ತೆರುವ ಬೆಲೆಯೂ ಇದೆ. ನಿಮ್ಮ ಪಾಸ್‌ವರ್ಡ್, ಖಾತೆ ಸಂಖ್ಯೆ ಎಲ್ಲವೂ ಆ ಕ್ಷಣ ಫೈರ್‌ವಾಲ್ ಸ್ಮೃತಿಯಲ್ಲಿ ಬೀಗವಿಲ್ಲದೆ ಇರುತ್ತವೆ. ಹತ್ತಾರು ಸರ್ವರ್‌ಗಳ ಖಾಸಗಿ ಕೀಲಿಗಳು ಒಂದೇ ಕಡೆ ಸೇರುತ್ತವೆ. ಆ ಯಂತ್ರಕ್ಕೇ ಕನ್ನ ಬಿದ್ದರೆ ಎಲ್ಲವೂ ಹೋದಂತೆ. ಮತ್ತೊಂದು ಅಪಾಯ ಸದ್ದಿಲ್ಲದೆ ಬರುತ್ತದೆ: ಯಂತ್ರ ನಿಂತೇ ಇರುತ್ತದೆ, ನೋಡುವುದನ್ನು ಬಿಟ್ಟಿರುತ್ತದೆ.

2017ರಲ್ಲಿ ಅಮೆರಿಕದ ಈಕ್ವಿಫ್ಯಾಕ್ಸ್‌ನಲ್ಲಿ ಆದದ್ದು ಅದೇ. ಜನರ ಸಾಲದ ಚರಿತ್ರೆ ಇಟ್ಟುಕೊಂಡು ಬ್ಯಾಂಕುಗಳಿಗೆ ಒದಗಿಸುವ ಕಂಪನಿ ಅದು. ಗ್ರಾಹಕರ ತಕರಾರು ದಾಖಲಿಸುವ ಅದರ ತಾಣದಲ್ಲಿ ‘ಅಪಾಚೆ ಸ್ಟ್ರಟ್ಸ್’ ತಂತ್ರಾಂಶದ ದೋಷವಿತ್ತು. ಮಾರ್ಚ್‌ನಲ್ಲೇ ಅದರ ತಿದ್ದುಪಡಿ ಬಂದಿದ್ದರೂ ಹಾಕಿರಲಿಲ್ಲ. ಮೇ ತಿಂಗಳಲ್ಲಿ ಒಳಹೊಕ್ಕ ಹ್ಯಾಕರ್‌ಗಳು 76 ದಿನ ಡೇಟಾಬೇಸ್‌ಗಳನ್ನು ಜಾಲಾಡಿದರು. ತಾಣದ ಮುಂದೆ ಗೂಢಲಿಪಿ ಬಿಡಿಸಿ ತಪಾಸಣೆಗೆ ಒಪ್ಪಿಸುವ ಯಂತ್ರ ಇದ್ದೇ ಇತ್ತು. ಆದರೆ ಅದರಲ್ಲಿದ್ದ ಪ್ರಮಾಣಪತ್ರದ ಅವಧಿ ತೀರಿತ್ತು. ಅಮೆರಿಕ ಸಂಸತ್ತಿನ ಸಮಿತಿಯ ವರದಿ ಪ್ರಕಾರ, ಬರೋಬ್ಬರಿ 19 ತಿಂಗಳಿಂದ. ಸಂಚಾರವೆಲ್ಲ ಬಿಡಿಸದೆಯೇ ಒಳಹೋಗಿ ಹೊರಬರುತ್ತಿತ್ತು. ಜುಲೈ 29ರಂದು ಹೊಸ ಪ್ರಮಾಣಪತ್ರ ಹಾಕಿದ ಕೂಡಲೇ ಅನುಮಾನಾಸ್ಪದ ಸಂಚಾರ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಸುಮಾರು 14.7 ಕೋಟಿ ಜನರ ಖಾಸಗಿ ವಿವರ ಕೈತಪ್ಪಿತ್ತು.

ಪ್ರಮಾಣಪತ್ರಗಳ ಆಯುಷ್ಯ ಈಗ ಇನ್ನೂ ಕಿರಿದಾಗುತ್ತಿದೆ. 2020ರಿಂದ ಗರಿಷ್ಠ 398 ದಿನವಿದ್ದ ಅವಧಿಯನ್ನು ಹಂತಹಂತವಾಗಿ ಇಳಿಸಿ, 2029ರ ಮಾರ್ಚ್ ಹೊತ್ತಿಗೆ 47 ದಿನಕ್ಕೆ ತರಲು ಬ್ರೌಸರ್ ತಯಾರಕರೂ ಪ್ರಮಾಣಪತ್ರ ನೀಡುವ ಸಂಸ್ಥೆಗಳೂ 2025ರ ಏಪ್ರಿಲ್‌ನಲ್ಲಿ ತೀರ್ಮಾನಿಸಿವೆ. ಸರ್ವರ್‌ನಲ್ಲಿ ಹೊಸದು ಹಾಕಿ ಫೈರ್‌ವಾಲ್‌ನಲ್ಲಿ ಮರೆತರೆ ತಪಾಸಣೆ ನಿಲ್ಲುತ್ತದೆ, ಇಲ್ಲವೇ ಗ್ರಾಹಕನ ಸಂಪರ್ಕವೇ ಕಡಿಯುತ್ತದೆ. ಕೈಯಿಂದ ನವೀಕರಿಸುವ ಕಾಲ ಮುಗಿಯಿತು.

ಆದ್ದರಿಂದ ಆಸ್ಪತ್ರೆ, ಸಹಕಾರಿ ಬ್ಯಾಂಕು, ವಿಶ್ವವಿದ್ಯಾಲಯ ಹೀಗೆ ಎಲ್ಲಿಯೇ ಆಗಲಿ ಸರ್ವರ್ ನೋಡಿಕೊಳ್ಳುತ್ತಿರುವವರಲ್ಲಿ ನನ್ನ ಕೋರಿಕೆ: ಫೈರ್‌ವಾಲ್ ಕೊಂಡ ರಸೀದಿಯನ್ನು ರಕ್ಷಣೆ ಎಂದುಕೊಳ್ಳಬೇಡಿ. ತಂತ್ರಾಂಶದ ತಿದ್ದುಪಡಿ ಬಂದ ಕೂಡಲೇ ಹಾಕಿ. ಯಾವ ಪ್ರಮಾಣಪತ್ರ ಎಲ್ಲೆಲ್ಲಿದೆ ಎಂಬ ಪಟ್ಟಿ ಇಡಿ, ನವೀಕರಣವನ್ನು ಯಂತ್ರಕ್ಕೇ ಒಪ್ಪಿಸಿ. ನಿಮ್ಮ ಫೈರ್‌ವಾಲ್ ಇಂದು ನಿಜವಾಗಿ ಗೂಢಲಿಪಿ ಬಿಡಿಸಿ ಓದುತ್ತಿದೆಯೇ ಎಂದು ನಿಯಮಿತವಾಗಿ ಪರೀಕ್ಷಿಸಿ. ನಿಮ್ಮನ್ನು ನಂಬಿ ಜನ ಕೊಟ್ಟ ಗುಟ್ಟುಗಳಿಗೆ ನೀವೇ ಜವಾಬ್ದಾರರು.